ನಡುವಿನ ತೇಪೆ

ನಮ್ಮ ಸೀಮೆಯಲ್ಲಿ ಕೌದಿಯಿಲ್ಲದ ಮನೆಯನ್ನು ನಾನು ಕಂಡಿಲ್ಲ. ಯಲಬುರ್ಗಿಯ ಎರೆಹೊಲದ ರೈತನ ಮನೆಯಿರಲಿ, ಕುಷ್ಟಗಿಯ ಕಡೆಯ ನೇಕಾರನ ಮನೆಯಿರಲಿ, ಗಂಗಾವತಿಯ ಭತ್ತದ ವ್ಯಾಪಾರಿಯ ಮಾಳಿಗೆಯಿರಲಿ, ಕೊಪ್ಪಳದ ವಕೀಲರ ಬಂಗಲೆಯಿರಲಿ, ಒಳಕೋಣೆಯ ಮೂಲೆಯಲ್ಲಿ ನಾಲ್ಕಾರು ಕೌದಿಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟೇ ಇರುವರು. ಅಂಗಡಿಯ ರಗ್ಗು ಚಾದರಗಳು ಬಂದ ಮೇಲೆ ಅವು ಕೆಳಕ್ಕೆ ಸರಿದಿರುವವು, ನಿಜ. ಆದರೆ ಮನೆಯಿಂದ ಹೊರಗೆ ಹೋಗಿಲ್ಲ. ಮಾಗಿಯ ಚಳಿಯಲ್ಲಿ ಮುದುಕರು ಬೇಡುವದು ಕೌದಿಯನ್ನೇ. ಕೂಸಿನ ಮೈಕೆಳಗೆ ಹಾಸುವದೂ ಕೌದಿಯನ್ನೇ.

ಆದುದರಿಂದ ಕೌದಿಯೆಂದರೇನೆಂದು ವಾಚಕರಿಗೆ ತಿಳಿಸಬೇಕಾದ ಕಾರಣವಿಲ್ಲ. ಆದರೂ ದಿನಾಲು ಹೊದ್ದುಕೊಳ್ಳುವ ಆ ವಸ್ತುವನ್ನು ನಾವು ಎಂದಾದರೂ ಬೆಳಕಿನಲ್ಲಿ ಹರವಿ ನೋಡಿರುವೆವೇ? ನಾನಂತೂ ಅರುವತ್ತು ವರ್ಷ ದಾಟುವವರೆಗೆ ನೋಡಿದವನಲ್ಲ. ಅಂಥ ಪ್ರಸಂಗವೊಂದು ಹೋದ ವರ್ಷ ಒದಗಿತು. ಅದನ್ನೇ ಇಲ್ಲಿ ಹೇಳಬೇಕೆಂದಿರುವೆನು.

ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿದ ಸುದ್ದಿ ಬೆಂಗಳೂರಿನಿಂದ ಬಂದ ದಿನವೇ ನಮ್ಮವ್ವ ಟ್ರಂಕು ತೆರೆದು ಕುಳಿತಳು. ಅವಳಿಗೆ ಎಂಬತ್ತೈದು ದಾಟಿರುವದು. ಒಂದು ಕಣ್ಣಿನ ಪರೆಯನ್ನು ತೆಗೆಯಿಸಿದೆ. ಬೆರಳುಗಳು ಮೊದಲಿನಂತೆ ಬಾಗವು. "ಇದ ನನ್ನ ಕಡೀ ಕೌದಿ," ಎಂದು ಹೇಳಿ, ಮೆತ್ತಗಾದ ಹಳೆಯ ಸೀರೆಯೊಂದನ್ನು ಪಡಸಾಲೆಯಲ್ಲಿ ಹಾಸಿದಳು. ಅದರ ಮೇಲೆ ತೇಪೆಗಳನ್ನು ಜೋಡಿಸುತ್ತ, ಅಂಚಿನಿಂದ ಹೊಲಿಗೆಗೆ ತೊಡಗಿದಳು. ನಮ್ಮ ಮನೆಯಲ್ಲಿ ಹೊಲಿಗೆ ನಾಲ್ಕೂ ಅಂಚುಗಳನ್ನು ಸುತ್ತಿಕೊಂಡು, ಸುತ್ತು ಸುತ್ತಾಗಿ ಒಳಕ್ಕೆ ಸರಿಯುವದು. ಸಾಲಿನಿಂದ ಸಾಲಿಗೆ ಒಂದು ಬೆರಳಿನಷ್ಟೂ ಅಂತರವಿರಬಾರದು. ನಡುವು ಎಲ್ಲಕ್ಕೂ ಕಡೆಯಲ್ಲಿ ಮುಚ್ಚುವದು.

ಪಿಂಚಣಿಯ ಮನುಷ್ಯನಾದ ನನಗೆ ಬೇರೆ ಉದ್ಯೋಗವಿರಲಿಲ್ಲ. ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ಹೀಗೆ ಎದುರಿಗೆ ಕುಳಿತಾಗ ತೇಪೆಗಳ ಗುರುತು ಒಂದೊಂದಾಗಿ ಹತ್ತತೊಡಗಿತು. ತೋಪು ತೆನೆಯ ಸೆರಗಿನ ಕೆಂಪು ತುಂಡು ನನ್ನ ಅಜ್ಜಿಯ ಇಳಕಲ್ಲ ಸೀರೆಯದು. ಹೊಳಪು ಮಾಸಿದ ಗುಳೇದಗುಡ್ಡದ ಖಣ, ಹೆರಿಗೆಯಲ್ಲಿ ತೀರಿಹೋದ ನನ್ನ ಅಕ್ಕನದು. ಬಿಳಿಯ ಪಟ್ಟಿ ಅಪ್ಪನ ಧೋತರದ್ದು. ನೀಲಿ ಗೀರಿನ ಚೂರು, ಧಾರವಾಡದ ಕಾಲೇಜಿಗೆ ಹೋಗುವಾಗ ನನಗೆ ಹೊಲಿಸಿದ ಮೊದಲನೆಯ ಅಂಗಿಯದು. ಯಾವ ಅರಿವೆಯನ್ನೂ ಅವ್ವ ಎಸೆದಿರಲಿಲ್ಲ. ನಮ್ಮ ಮನೆತನದ ಚರಿತ್ರೆಯನ್ನು ಬರೆಯಬೇಕೆಂದು ನಾನು ಎರಡು ಸಲ ವಹಿ ತಂದು ಎರಡು ಪುಟದಾಚೆ ಹೋಗದೆ ಬಿಟ್ಟಿದ್ದೆನು. ಅಕ್ಷರ ಬಾರದ ಅವಳು ಅದನ್ನು ಆಗಲೇ ಮುಗಿಸುತ್ತ ಬಂದಿದ್ದಳು.

ಇದು ನಮ್ಮ ನಾಡಿನ ಹೆಂಗಸರದಷ್ಟೇ ಜಾಣತನವಲ್ಲ. ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಇಂದು ಬಹುದೂರದ ವರೆಗೆ ಹೆಸರಾಗಿರುವವು. ಬಂಗಾಲದಲ್ಲಿ ಇದೇ ಬಗೆಯ ಕೆಲಸಕ್ಕೆ ಕಾಂಥಾ ಎನ್ನುವರು. ಅಮೆರಿಕದ ಅಲಬಾಮಾ ಪ್ರಾಂತದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿರುವದು. ಗುಲಾಮರ ಸಂತತಿಯವರಾದ ಅಲ್ಲಿಯ ಬಡ ಹೆಂಗಸರ ಕೌದಿಗಳನ್ನು ೨೦೦೨ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಗೋಡೆಗೆ ತೂಗುಹಾಕಿ ಪ್ರದರ್ಶಿಸಿದರು. ಆ ಹಳ್ಳಿಯ ಮಿಸ್ಸೂರಿ ಪೆಟ್‌ವೇ ಎಂಬವಳು ೧೯೪೨ರಲ್ಲಿ, ತೀರಿಹೋದ ಗಂಡನ ದುಡಿಮೆಯ ಬಟ್ಟೆಗಳನ್ನೆಲ್ಲ ಕತ್ತರಿಸಿ, ಅವನ ನೆನಪನ್ನು ಹೊದ್ದುಕೊಳ್ಳುವದಕ್ಕೆಂದು ಒಂದು ಕೌದಿ ಹೊಲಿದಳಂತೆ. ಈ ಸಂಗತಿಯನ್ನು ಅವ್ವನಿಗೆ ಹೇಳಿದೆನು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮತ್ತೇನು ಮಾಡಬೇಕು ಅಕಿ?" ಎಂದಳು.

ಎರಡು ತಿಂಗಳಲ್ಲಿ ಹೊಲಿಗೆ ಒಳಕ್ಕೆ ಬಂದು ಬಂದು, ನಡುವೆ ಗೇಣುದ್ದದ ಒಂದು ಚೌಕ ಉಳಿಯಿತು. ಅಲ್ಲಿ ಸೂಜಿ ನಿಂತಿತು. ಎಂಟು ದಿನವಾದರೂ ಅವಳು ಅದನ್ನು ಮುಟ್ಟಲಿಲ್ಲ. ದಾರ ತೀರಿತೇ ಎಂದು ಕೇಳಿದೆನು.

"ದಾರ ಐತಿ. ನಡುವಿನ ತೇಪಿ ಬರಬೇಕಾಗೈತಿ. ಗಂಗಾವತಿಗೆ ಹೋಗು, ಯಪ್ಪಾ."

ನಾನು ಸುಮ್ಮನಾದೆನು. ಸ್ವಲ್ಪ ಹೊತ್ತಿನ ಮೇಲೆ, "ಹೇಳಿ ಕಳಿಸಿದರ ಕೊಟ್ಟು ಕಳಿಸ್ತಾನ," ಎಂದೆನು.

"ಕಳಿಸಿದ್ದು ಅರಿವಿ ಆಗತೈತಿ, ತೇಪಿ ಆಗಂಗಿಲ್ಲ. ನೀನ ಹೋಗಿ ಬೇಡಿಕೊಂಡು ಬಾ."

ಗಂಗಾವತಿಯ ಹತ್ತಿರ ಇರುವವನು ನನ್ನ ಬೆನ್ನಿಗೆ ಬಿದ್ದ ತಮ್ಮ. ನಮ್ಮಿಬ್ಬರಲ್ಲಿ ಏಳು ವರ್ಷದಿಂದ ಮಾತಿರಲಿಲ್ಲ. ಇದರ ಕಾರಣವನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

೧೯೭೨ರ ಬರದಲ್ಲಿ ನಮ್ಮ ಎರೆಹೊಲ ಒಂದು ತೆನೆಯನ್ನೂ ಕೊಡಲಿಲ್ಲ. ಮನೆಯಲ್ಲಿ ಇಬ್ಬರು ಓದುವ ಹುಡುಗರು. ಒಬ್ಬನಿಗೆ ಮಾತ್ರ ಸಾಲುವಷ್ಟು ಹಣ. ನಾನು ಹಿರಿಯನು, ಪರೀಕ್ಷೆಯಲ್ಲಿ ಮುಂದಿದ್ದವನು. ಅಪ್ಪ ತಮ್ಮನ ಕೈಹಿಡಿದು ಗಂಗಾವತಿಗೆ ನಡೆದನು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಹರಿದ ಮೇಲೆ ಆ ಭಾಗ ಭತ್ತದ ಕಣಜವಾಗಿತ್ತು. ಮಳೆಯಿಲ್ಲದ ಊರಿನವರಿಗೆಲ್ಲ ಅದೇ ಆಶ್ರಯ. ಇಬ್ಬರೂ ಮೊದಲು ಕೂಲಿ ಮಾಡಿದರು, ಆಮೇಲೆ ಪಾಲಿಗೆ ಹೊಲ ಹಿಡಿದರು, ಬಹಳ ವರ್ಷಗಳ ಮೇಲೆ ನಾಲ್ಕು ಎಕರೆ ಸ್ವಂತ ಗದ್ದೆ ಮಾಡಿದರು. ನನಗೆ ಧಾರವಾಡಕ್ಕೆ ತಿಂಗಳು ತಿಂಗಳು ಬರುತ್ತಿದ್ದ ಮನಿಯಾರ್ಡರು ಆ ಕೆಸರಿನಿಂದ ಎದ್ದು ಬಂದದ್ದು. ನಾನು ಅಧ್ಯಾಪಕನಾದೆನು, ತಮ್ಮನು ಶಾಲೆಗೆ ಮರಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಪಾಲಿನ ಮಾತು ಬಂದಿತು. ಗದ್ದೆ ಅಪ್ಪನ ಹೆಸರಿನಲ್ಲಿತ್ತು. ಕಾಯಿದೆಯಂತೆ ನನಗೆ ಎರಡು ಎಕರೆ ಬರಬೇಕೆಂದು ನಾನು ಕೇಳಿದೆನು, ಬಂದಿತು. ಅದನ್ನು ಪರರಿಗೆ ಮಾರಿ ಕೊಪ್ಪಳದಲ್ಲಿ ಈ ಮನೆಯನ್ನು ಕಟ್ಟಿಸಿದೆನು. ಸಹಿ ಹಾಕುವ ದಿನ ತಮ್ಮನು ಒಂದೇ ಮಾತನ್ನಾಡಿದನು: "ಓದಿದವರ ಲೆಕ್ಕ ಸರಿ ಇರತೈತಿ." ಆ ಮಾತಿಗೆ ನಾನು ಸಿಟ್ಟಾದೆನು. ಸಿಟ್ಟು ನನಗೆ ಅನುಕೂಲವಾಗಿಯೇ ಇತ್ತು, ಏಕೆಂದರೆ ಸಿಟ್ಟಿರುವವರೆಗೆ ಲೆಕ್ಕವನ್ನು ತಿರುಗಿ ನೋಡಬೇಕಾಗಿರಲಿಲ್ಲ. ಪ್ರತಿ ಸುಗ್ಗಿಗೆ ಅವ್ವನ ಹೆಸರಿನಲ್ಲಿ ಒಂದು ಚೀಲ ಅಕ್ಕಿ ಬರುವದು ಮಾತ್ರ ತಪ್ಪಲಿಲ್ಲ. ಆ ಅಕ್ಕಿಯನ್ನು ನಾನೂ ಉಂಡಿರುವೆನು.

ಮಾಘ ಮಾಸದ ಒಂದು ಸಂಜೆ ತಮ್ಮನ ಅಂಗಳದಲ್ಲಿ ಹೋಗಿ ನಿಂತೆನು. ಅವನ ಹೆಂಡತಿ ಕಾಲಿಗೆ ನೀರು ತಂದಿಟ್ಟಳು. ತಮ್ಮನು ಹೊರಗೆ ಬಂದು, "ಬರ್ರಿ, ಕೂಡ್ರಿ," ಎಂದನು. ಅಷ್ಟೇ. ಹುಟ್ಟಿದಾಗಿನಿಂದ ನನಗೆ "ಬಾ ಅಣ್ಣಾ" ಎಂದವನು ಬೀಗರಿಗೆ ಅನ್ನುವಂತೆ "ಬರ್ರಿ" ಎಂದನು! ಬೈಗಳಕ್ಕಿಂತ ಆ ಗೌರವ ನನ್ನನ್ನು ಹೆಚ್ಚು ಇರಿಯಿತು. ಅರಿವೆಯ ಮಾತು ನಾಲಿಗೆಯ ತುದಿಗೆ ಬಂದು ಬಂದು ಹಿಂದಿರುಗಿತು. ಊಟವಾದ ಮೇಲೆ ಅವನೇ, "ನಾಳಿ ಮುಂಜಾನೆ ಮೋರ್ಯರ ಗುಡ್ಡಕ್ಕ ಹೊಂಟೀನಿ. ಬರ್ತೀರೇನು?" ಎಂದು ಕೇಳಿದನು.

ಮೋರ್ಯರ ಗುಡ್ಡವೆಂದರೆ ಗಂಗಾವತಿಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದ ಹಿರೇಬೆಣಕಲ್ಲಿನ ಗುಡ್ಡ. ಕಾಲುವೆಯ ಹಸುರು ಒಮ್ಮೆಲೆ ಮುಗಿದು, ಬಂಡೆಗಳ ರಾಜ್ಯ ಆರಂಭವಾಗುವದು. ಮರಳಿಲ್ಲವೆಂಬ ಒಂದು ಮಾತನ್ನು ಬಿಟ್ಟರೆ ಅದು ಮರುಭೂಮಿಯೇ ಸರಿ: ಮರವಿಲ್ಲ, ನೆರಳಿಲ್ಲ; ಕಳ್ಳಿ, ಕಾರೆ, ಜಾಲಿಯ ಮುಳ್ಳು, ಹೊತ್ತೇರಿದಂತೆ ಕಾಯುವ ಕಲ್ಲು. ತಮ್ಮನು ತಲೆಗೆ ವಲ್ಲಿ ಸುತ್ತಿ, ಹೆಗಲಿಗೆ ರೊಟ್ಟಿಯ ಗಂಟು ಹಾಕಿ ಮುಂದೆ ನಡೆದನು. ನಾನು ಏದುತ್ತ ಹಿಂದೆ ನಡೆದೆನು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಆದರೆ ನಾನು ನಿಂತಾಗಲೆಲ್ಲ ಅವನೂ ನಿಲ್ಲುತ್ತಿದ್ದನು.

ಮೇಲೆ ಹೋದಾಗ ಕಂಡ ನೋಟವನ್ನು ಮರೆಯಲಾರೆನು. ಚಪ್ಪಡಿಗಲ್ಲುಗಳನ್ನು ಸುತ್ತಲೂ ನಿಲ್ಲಿಸಿ ಮೇಲೊಂದು ಕಲ್ಲನ್ನು ಹೊದಿಸಿದ ಮನೆಗಳು, ಒಂದು ಕೇರಿಯಂತೆ. ಕೆಲವು ಆಳೆತ್ತರಕ್ಕಿಂತ ಹೆಚ್ಚು. ಎಷ್ಟೋ ಮನೆಗಳ ಒಂದು ಕಲ್ಲಿನಲ್ಲಿ ದುಂಡಗಿನ ಕಂಡಿ. ಮೋರ್ಯರೆಂಬ ಕುಳ್ಳರು ಇಲ್ಲಿ ವಾಸವಾಗಿದ್ದರೆಂದು ಜನರು ಹೇಳುವರು. ಇವು ಬದುಕಿದವರ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದವುಗಳೆಂದೂ, ಎರಡು ಸಾವಿರದಿಂದ ಮೂರು ಸಾವಿರ ವರ್ಷಗಳಷ್ಟು ಹಿಂದಿನವೆಂದೂ ಪಂಡಿತರು ಹೇಳುವರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರನು ಇವುಗಳ ವಿಷಯವಾಗಿ ಬರೆದನು. ೨೦೨೧ರಲ್ಲಿ ಯುನೆಸ್ಕೋದ ಸಂಭಾವ್ಯ ಪಟ್ಟಿಯಲ್ಲಿ ಇವುಗಳ ಹೆಸರು ಸೇರಿತು. ಎತ್ತರದ ಗುಂಡಿನ ಮೇಲೊಂದು ನಗಾರಿಯ ಆಕಾರದ ಕಲ್ಲಿರುವದು. ಬಡಿದರೆ ಧ್ವನಿ ದೂರದ ವರೆಗೆ ಕೇಳಿಸುವದು. ಗಾರೆಯಿಲ್ಲ, ಕಬ್ಬಿಣವಿಲ್ಲ, ಕಲ್ಲು ಕಲ್ಲಿಗೆ ಒರಗಿ ನಿಂತಿರುವದು. ಉಣ್ಣಲಿಕ್ಕೆ ಎಷ್ಟಿತ್ತೋ ಏನೋ ಆ ಜನಕ್ಕೆ. ಆದರೂ ತಮ್ಮನ್ನು ಸಾಕಿದವರ ಮೇಲೆ ಇಷ್ಟು ದೊಡ್ಡ ಹೊದಿಕೆಯನ್ನು ಹೊತ್ತು ತಂದು ಹೊದಿಸಿದರಲ್ಲ! ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಭೂಮಿಯ ಋಣವನ್ನು ತಪ್ಪದೆ ನೆನೆಯುವ ನಾನು, ಆ ಭೂಮಿಯಲ್ಲಿ ನನ್ನ ಸಲುವಾಗಿ ದುಡಿದವನ ಋಣವನ್ನು ಒಂದು ದಿನವಾದರೂ ನೆನೆದಿದ್ದೆನೇ?

ಈ ವಿಚಾರದಲ್ಲಿ ಮೈಮರೆತು ಇಳಿಜಾರಿನ ಬಂಡೆಯ ಮೇಲೆ ಕಾಲಿಟ್ಟೆನು; ಜಾರಿದೆನು. ಮೊಳಕಾಲಿನ ಚಿಪ್ಪು ಒಡೆಯಲಿಲ್ಲವೆಂಬದೇ ಪುಣ್ಯ. ಚರ್ಮ ಕಿತ್ತು ನೆತ್ತರು ಹರಿಯಿತು. ತಮ್ಮನು ಓಡಿಬಂದನು. "ಅಣ್ಣಾ, ಕೂಡು, ಕಾಲು ಚಾಚು," ಎನ್ನುತ್ತ ತಲೆಯ ವಲ್ಲಿಯನ್ನು ಬಿಚ್ಚಿ, ಹಲ್ಲಿನಿಂದ ಕಚ್ಚಿ ಪರ್ರನೆ ಸೀಳಿ, ನೀರು ಹನಿಸಿ ಕಟ್ಟಿದನು. ಅವನು "ಕೂಡು" ಎಂದದ್ದನ್ನು ನಾನು ಕೇಳಿದೆನು. ತಾನು ಹಾಗೆ ಅಂದದ್ದು ಅವನಿಗೆ ತಿಳಿದಂತೆ ತೋರಲಿಲ್ಲ.

ಕಲ್ಲುಮನೆಯೊಂದರ ನೆರಳಿನಲ್ಲಿ ರೊಟ್ಟಿ ತಿಂದೆವು. ಆಗ ಹೇಳಿದೆನು: "ತಮ್ಮಾ, ನಿನ್ನ ಪಾಲಿನ ಸಾಲೀನೂ ನಾನ ಕಲಿತೀನಿ. ಅದನ್ನ ಒಂದ ದಿನಾನೂ ಬಾಯಿಬಿಟ್ಟು ಅಂದಿಲ್ಲ. ಗದ್ದಿ ಕೇಳಬಾರದಿತ್ತು, ಕೇಳಿದೆ." ಅವನು ಬಹಳ ಹೊತ್ತು ಕೆಳಗಿನ ಹಸುರನ್ನು ನೋಡುತ್ತ ಕುಳಿತನು. ಕಡೆಗೆ ಗಂಟು ಕಟ್ಟುತ್ತ, "ಬಿಸಲು ಏರತೈತಿ. ಇಳಿಯೋಣು, ನಡಿ," ಎಂದನು.

ಪರಕೀಯರಿಗೆ ನಾವು "ಉಪಕಾರವಾಯಿತು" ಎನ್ನಬಹುದು. ಒಡಹುಟ್ಟಿದವನಿಗೆ ಹಾಗೆಂದರೆ ಅದು ಹೊರಗಿನವನೆಂದು ದೂಡಿದಂತೆ. ಹಾಗಾದರೆ ಮನೆಯೊಳಗಿನ ಕೃತಜ್ಞತೆಗೆ ಭಾಷೆ ಯಾವದು? ಬೇಡುವದೇ ಅದರ ಭಾಷೆಯೆಂದು ಆ ದಿನ ನನಗೆ ತೋರಿತು. ನಿನ್ನಿಂದ ಬಂದದ್ದು ನನ್ನಲ್ಲಿದೆ, ಇನ್ನೂ ಬೇಕಾಗಿದೆ ಎಂದು ಹಿರಿಯನು ಕಿರಿಯನ ಅಂಗಳದಲ್ಲಿ ನಿಂತು ಒಪ್ಪಿಕೊಳ್ಳುವದು. ಅದಕ್ಕೇ ಅವ್ವ ನನ್ನನ್ನು ಕಳಿಸಿದ್ದಳು. ಊರಿಗೆ ಹೊರಡುವಾಗ ಕಾಲಿಗೆ ಕಟ್ಟಿದ ಅರಿವೆಯನ್ನು ತೋರಿಸಿ, "ಇದನ್ನ ಅವ್ವಗ ಒಯ್ಯಲೇನು? ಕೌದೀಗೆ ಬೇಕಂತ," ಎಂದು ಕೇಳಿದೆನು. "ಅಯ್ಯ, ಹೊಸಾದು ಕೊಡ್ತೀನಿ ತಡಿ," ಎಂದನು. ಹೊಸದು ಬೇಡವೆಂದೆನು.

ಅವ್ವ ಅದನ್ನು ಎರಡು ಸಲ ಒಗೆದಳು. ಕಲೆ ಪೂರ್ಣ ಹೋಗಲಿಲ್ಲ. ಅದು ಹೇಗೆ ಆಯಿತೆಂದು ಕೇಳಿ ತಿಳಿದ ಮೇಲೆ ಮೂರನೆಯ ಸಲ ಒಗೆಯಲಿಲ್ಲ. ನಡುವಿನ ಚೌಕಕ್ಕೆ ಸರಿಯಾಗಿ ಕತ್ತರಿಸಿ, ಮೂರು ಅಂಚು ಹೊಲಿದು, ನಾಲ್ಕನೆಯದನ್ನು ಮುಚ್ಚುವ ಮೊದಲು ಹೋಳಿಗೆಯ ಒಂದು ಚೂರನ್ನು ಒಳಗೆ ಇಟ್ಟಳು. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದವರ ಹೊಟ್ಟೆಯೂ ಹಸಿಯುವದೆಂದು ನಮ್ಮ ಅಜ್ಜಿ ಅವಳಿಗೆ ಕಲಿಸಿದ ಪದ್ಧತಿ. ತೊಟ್ಟಿಲಿನ ದಿನ ತಮ್ಮನು ಹೆಂಡತಿಯೊಡನೆ ಬಂದನು. ಅಕ್ಕಿಯ ಚೀಲವನ್ನು ಆ ಸಲ ತಾನೇ ಹೊತ್ತು ಒಳಗೆ ತಂದಿಟ್ಟನು.

ಮಾರಿದ ಗದ್ದೆ ಮರಳಿ ಬರುವಂತಿಲ್ಲ. ಅವನು ಬಿಟ್ಟ ಶಾಲೆಯಂತೂ ಮೊದಲೇ ಇಲ್ಲ. ತೇಪೆ ಹಚ್ಚಿದ ಮಾತ್ರಕ್ಕೆ ಅರಿವೆ ಹರಿಯಲೇ ಇಲ್ಲವೆಂದು ಆಗುವದಿಲ್ಲ. ಕೌದಿಯೂ ಹಾಗೆ ಎಂದೂ ಹೇಳುವದಿಲ್ಲ. ಅದರ ಹೊಲಿಗೆಗಳೆಲ್ಲ ಎದ್ದು ಕಾಣುವವು. ಆದರೆ ಚಳಿಯನ್ನು ತಡೆಯುವದು. ಬೆಂಗಳೂರಿನಲ್ಲಿ ನನ್ನ ಮೊಮ್ಮಗಳು ಈಗ ಅದರ ಮೇಲೆ ಮಲಗುತ್ತಿರುವಳು.