ಹಾಲಿನ ಬುಕ್ಕಿನಾಗ ಗಾಡೀ ಲೆಕ್ಕ

ನಮ್ಮನಿ ದೊಡ್ಡ ಗಾಡಿ 2009ರಾಗ ಬಂದದ್ದು. 7 ಮಂದಿ ಕೂಡೋ ಡೀಸೆಲ್ ಗಾಡಿ. ಬಾಣಂತ್ಯಾರಿಂದ ಹಿಡದು ಉಪ್ಪಿನಕಾಯಿ ಭರಣಿ ತನಕಾ ಎಲ್ಲಾ ಹೊತ್ತದ. 2024ರಾಗ 15 ವರ್ಷ ತುಂಬಿತು. ಆರ್‌ಟಿಒಕ್ಕ ಒಯ್ದು ತೋರಿಸಿ, 5,000 ರೂಪಾಯಿ ಫೀ, ಮ್ಯಾಲೆ ಹಸಿರು ತೆರಿಗಿ ತುಂಬಿ, ಇನ್ನೂ 5 ವರ್ಷಕ್ಕ ಆರ್‌ಸಿ ಮಾಡಿಸ್ಕೊಂಡು ಬಂದ್ವಿ.

"ಮಾರಿಬಿಡ್ರಿ, ಅದರಾಗ ಇನ್ನೇನು ಉಳದದ" ಅಂತ ನೀವೆಲ್ಲಾ ಅಂದ್ರಿ ಖರೆ. ನಾ ಹಾಲಿನ ಬುಕ್ ತಗದೆ. ಗಾಡೀ ಖರ್ಚೂ ಅದರ ಹಿಂದಿನ ಹಾಳ್ಯಾಗ ಬರದಿಟ್ಟೇನಿ. ಹೋದ ವರ್ಷ ಬ್ಯಾಟರಿ 7,000, ಕ್ಲಚ್ 16,000, ಇಂಜಿನ್ ಹೆಡ್ ಗ್ಯಾಸ್ಕೆಟ್ ಕೆಲಸ 37,000. ಒಟ್ಟು 60,000, ಅಂದ್ರ ತಿಂಗಳಿಗೆ 5,000. ಹೊಸಾದು ತಗೊಂಡ್ರ ಕಂತೇ 18,000. ಡೀಸೆಲ್, ಇನ್ಶೂರೆನ್ಸ್ ಯಾವ ಗಾಡಿಗೂ ತಪ್ಪಂಗಿಲ್ಲ. ಇಟ್ಕೊಳ್ಳೋದೇ ಅಗ್ಗ.

ಆದ್ರ ಆ 37,000 ನನ್ನ ತಪ್ಪು. ರೇಡಿಯೇಟರ್ ಪೈಪು ಬಿರಕ ಬಿಟ್ಟದ, 1,200 ಆಗ್ತದ ಅಂತ ಗ್ಯಾರೇಜಿನಂವ ಹೇಳಿದ್ದ. "ಮುಂದಿನ ತಿಂಗಳ ನೋಡೋಣಂತ" ಅಂದಾಕಿ ನಾನೇ. ಕೂಲಂಟ್ ಸೋರಿ, ಇಂಜಿನ್ ಕಾದು, ರಾತ್ರಿ 9ಕ್ಕ ಹೈವೇ ಮ್ಯಾಲೆ ನಿಂತ್ವಿ. ಅತ್ತಿಯವರು ಇನ್ಸುಲಿನ್ ತಗೊಳ್ಳೋ ಹೊತ್ತು, ಅದು ಮನ್ಯಾಗ ಫ್ರಿಜ್ಜಿನಾಗ. ಅವರು ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ಕರಳು ಚುರ್ ಅಂತು.

ಈಗ ಹಾಲಿನ ರೊಕ್ಕದ ಜೋಡಿ ತಿಂಗಳಾ 5,000 ಡಬ್ಬ್ಯಾಗ ತಗದಿಡ್ತೇನಿ. ಶನಿವಾರ ಮುಂಜಾನೆ, ಇಂಜಿನ್ ತಣ್ಣಗಿದ್ದಾಗ, ಬಾನೆಟ್ ಎತ್ತಿ ಕೂಲಂಟ್ ನೋಡಾಕೀನೂ ನಾನೇ. ನೀವೂ ಒಮ್ಮೆ ನೋಡ್ರೆವಾ, ಎರಡ ನಿಮಿಷದ ಕೆಲಸ.