ಟಕ್ ಅಂದ್ರೆ ಸಾಕು

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಕೋಡ್ ಕುಟ್ಟುತ್ತಾ ಕೂತವರಲ್ಲಿ ನಾನೂ ಒಬ್ಬ. ಟಾರ್ಕ್ ಅಂದ್ರೆ ನನ್ನ ಪಾಲಿಗೆ ಪರೀಕ್ಷೆಯ ಐದು ಮಾರ್ಕಿನ ಪ್ರಶ್ನೆ, ಅಷ್ಟೆ. ಅದು ಮತ್ತೆ ಎದುರಾಗಿದ್ದು ಇಲ್ಲಿ ನ್ಯೂಜೆರ್ಸಿಯಲ್ಲಿ, ಮನೆ ಮುಂದೆ ಕಾರಿನ ಚಕ್ರ ಬಿಚ್ಚಿ ಕೂತಾಗ.

ನನ್ನ ಹಳೇ ಸಿವಿಕ್‌ನ ಮುಂದಿನ ಬ್ರೇಕು ಕಿರುಚುತ್ತಿತ್ತು. ಗ್ಯಾರೇಜಿನವರ ರೇಟು ಕೇಳಿ, ಪ್ಯಾಡು ರೋಟರು ನಾನೇ ಹಾಕ್ತೀನಿ ಅಂತ ಹೊರಟೆ. ಊರಿಂದ ಬಂದು ಮೂರು ವಾರ ಕೆಲಸವಿಲ್ಲದೆ ಬೇಸತ್ತಿದ್ದ ಅಪ್ಪ ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲಿ ಕೂತರು. ತೋಟದ ಪಂಪ್‌ಸೆಟ್ಟನ್ನು ಮೂವತ್ತು ವರ್ಷ ಬಿಚ್ಚಿ ಜೋಡಿಸಿದ ಕೈ ಅದು.

ಬಲಗಡೆ ಚಕ್ರ ನಾನೇ ಮುಗಿಸಿದೆ. ಎಡಗಡೆ ಕ್ಯಾಲಿಪರ್‌ನ ಸಣ್ಣ ಬೋಲ್ಟು ಅಪ್ಪ ಬಿಗಿ ಮಾಡ್ತಿದ್ರು. ಅವರು ನಿಲ್ಲಿಸಿದಾಗ "ಬ್ರೇಕಿನ ವಿಷಯ ಅಪ್ಪ, ಇನ್ನೊಂಚೂರು ಬಿಗೀರಿ" ಅಂದವನು ನಾನು. ಬೋಲ್ಟು ಬೆಣ್ಣೆ ಥರ ತಿರುಗಿ, ತಲೆ ಕಳಚಿ ಸಾಕೆಟ್ಟಿನೊಳಗೆ ಉಳೀತು.

"ಕೈಗೆ ಅಂದಾಜೇ ಹೋಯ್ತೇನೋ" ಅಂತ ಎದ್ದು ಒಳಗೆ ಹೋದರು. ಊಟಕ್ಕೆ ಕೂತಾಗಲೂ ಮಾತಿಲ್ಲ.

ರಾತ್ರಿ ಮ್ಯಾನ್ಯುಯಲ್ ತೆಗೆದೆ. (ಬೆಳಿಗ್ಗೆಯೇ ತೆಗೀಬೇಕಿತ್ತು, ಗೊತ್ತು!) ಬ್ರಾಕೆಟ್‌ನ ದೊಡ್ಡ ಬೋಲ್ಟಿಗೆ 108 ನ್ಯೂಟನ್ ಮೀಟರ್, ಈ ಸಣ್ಣದಕ್ಕೆ ಬರೀ 23. ಬೋಲ್ಟು ಅಂದ್ರೆ ಒಂಥರಾ ಗಟ್ಟಿ ಸ್ಪ್ರಿಂಗು. ಬಿಗಿ ಮಾಡಿದಾಗ ಕೂದಲೆಳೆಯಷ್ಟು ಹಿಗ್ಗುತ್ತೆ, ವಾಪಸ್ ಕುಗ್ಗಲು ಎಳೆಯೋ ಆ ಬಲವೇ ಎರಡು ಭಾಗಗಳನ್ನ ಹಿಡಿದಿಡೋದು. ಮಿತಿ ಮೀರಿ ಹಿಗ್ಗಿದರೆ ಮತ್ತೆ ಮೊದಲಿನಂತಾಗಲ್ಲ. ಮರೆಗೆ ಎಣ್ಣೆ ಹಚ್ಚಿದರಂತೂ ಘರ್ಷಣೆ ಕಮ್ಮಿಯಾಗಿ, ಅಷ್ಟೇ ಟಾರ್ಕಿಗೆ ಇನ್ನೂ ಜಾಸ್ತಿ ಹಿಗ್ಗುತ್ತೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ :)

ಮರುದಿನ ಗೆಳೆಯನ ಕಾರಲ್ಲಿ ಹೋಗಿ ಎರಡೂ ಕಡೆಗೆ ಹೊಸ ಬೋಲ್ಟು, ಮುರಿದ ಕಡೆಗೆ ಪಿನ್ನು, ಒಂದು ಟಾರ್ಕ್ ವ್ರೆಂಚ್ ತಂದೆ. 23ಕ್ಕೆ ಸೆಟ್ ಮಾಡಿ ಅಪ್ಪನ ಕೈಗೆ ಕೊಟ್ಟೆ. ಟಕ್ ಅಂತು.

"ಇಷ್ಟೇನಾ? ನಿನ್ನೆ ಇಷ್ಟಕ್ಕೇ ನಿಲ್ಸಿದ್ನಲ್ಲೋ."

ನಾನು ಮಾತಾಡಲಿಲ್ಲ. ಅಪ್ಪ ಬಲಗಡೆಗೆ ಹೋಗಿ, ನಾನು ಬಿಗಿದಿದ್ದ ದೊಡ್ಡ ಬೋಲ್ಟಿಗೆ 108 ಇಟ್ಟು ಎಳೆದರು. ಟಕ್ ಅನ್ನೋ ಮೊದಲು ಅದು ಇನ್ನೂ ಕಾಲು ಸುತ್ತು ತಿರುಗಿತು. ಇಡೀ ಬ್ರೇಕನ್ನ ಹಿಡಿದಿಡೋ ಬೋಲ್ಟು ಅದು. ಅವತ್ತು ಸಂಜೆ ಇದೇ ಕಾರಲ್ಲಿ ಅಮ್ಮನ್ನ ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಕರ್ಕೊಂಡು ಹೋಗೋದಿತ್ತು. ಬೆನ್ನು ತಣ್ಣಗಾಯ್ತು.

ಉಳಿದ ಬೋಲ್ಟುಗಳನ್ನೂ, ಎದುರುಬದುರಾಗಿ ಚಕ್ರದ ನಟ್ಟುಗಳನ್ನೂ ಅಪ್ಪನೇ ಬಿಗಿ ಮಾಡಿದರು. ನಾನು ಒಳಗೆ ಕೂತು ಪೆಡಲ್ಲು ಗಟ್ಟಿಯಾಗೋವರೆಗೆ ತುಳಿದೆ.

"ಬ್ರೇಕು ಸರಿಯಾಗಿದೆ ತಾನೆ?" ಕಾರು ಹತ್ತುವಾಗ ಅಮ್ಮ ಕೇಳಿದರು.

"ನಾನೇ ಬಿಗಿ ಮಾಡಿರೋದು, ಹತ್ತು" ಅಂದರು ಅಪ್ಪ.