ಕೂತು ಉಣ್ಣೋ ಆರು ವಾರ



ಎಡ ಹೆಗಲ ಮೂಳೆ ಮುರಿದು ಇವತ್ತಿಗೆ ಎಂಟು ವಾರ ಆಯ್ತು. ಫೋನ್ ಮಾಡಿದೋರು, ಮನೆಗೇ ಬಂದು ನೋಡಿದೋರು, "ಸಭೇಲಿ ಯಾಕಪ್ಪಾ ಕಾಣ್ತಿಲ್ಲ" ಅಂತ ಬೈದೋರು, ಎಲ್ಲರಿಗೂ ಒಂದೇ ಸಲ ಉತ್ತರ ಬರೀತಿದೀನಿ. ಚೆನ್ನಾಗಿದೀನಿ. ಎರಡು ವಾರದಿಂದ ಆಫೀಸಿಗೂ ಹೋಗ್ತಿದೀನಿ. ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಲ್ಲಿ ಓದಿ.

ನಡೆದಿದ್ದು ಇಷ್ಟು. ರಾತ್ರಿ ಮೀಟಿಂಗ್ ಮುಗಿಸಿ ಸ್ಕೂಟರಲ್ಲಿ ಅಶೋಕಪುರಂ ಕಡೆ ಬರ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ನಾಯಿ ಅಡ್ಡ ಬಂತು, ಗಾಡಿ ಜಾರ್ತು, ಎಡ ಭುಜ ನೇರವಾಗಿ ಟಾರಿಗೆ ಬಡೀತು. ಹೆಲ್ಮೆಟ್ ಇದ್ದಿದ್ದಕ್ಕೆ ತಲೆ ಉಳೀತು. ಎದ್ದು ನಿಂತಾಗ ಎಡಗೈ ಎತ್ತೋಕೆ ಆಗ್ಲಿಲ್ಲ. ಬಲಗೈಯಿಂದ ಅದನ್ನ ಮಗು ಥರ ಎತ್ಕೊಂಡು ಆಟೋ ಹತ್ತಿ ದೊಡ್ಡಾಸ್ಪತ್ರೆಗೆ ಹೋದೆ.

ಎಕ್ಸರೇಲಿ ಕಾಲರ್ ಬೋನ್ ನಡುವಿಗೇ ಮುರಿದಿತ್ತು. ಇದು ಮುರಿಯೋದು ಹೆಚ್ಚಾಗಿ ನಡುಭಾಗದಲ್ಲೇ ಅಂತೆ, ಮೂಳೆ ಅಲ್ಲೇ ತೆಳ್ಳಗಿರೋದು. ಇಡೀ ತೋಳನ್ನ ಎದೆಗೂಡಿಗೆ ಸೇರಿಸೋ ಮೂಳೆ ಇದೊಂದೇ. ಅದಕ್ಕೇ ಭುಜದ ಮೇಲೆ ಬಿದ್ರೆ ಪೆಟ್ಟು ನೇರ ಇಲ್ಲಿಗೆ ಬರುತ್ತೆ. ಹೊರದೇಶದಲ್ಲಿ ಕಾಲಿಗೆ ಹಲಗೆ ಕಟ್ಕೊಂಡು ಹಿಮದ ಮೇಲೆ ಜಾರೋರು, ಸೈಕಲ್ ರೇಸಿನೋರು ಮುರ್ಕೊಳ್ಳೋದೂ ಇದನ್ನೇ. ಅವರಿಗೆ ಅದು ಆಟದ ಗಾಯ. ನಮ್ಮೂರಲ್ಲಿ ಟೂವೀಲರಿನೋರು, ಗಾರೆ ಕೆಲಸದೋರು, ಮೂಟೆ ಹೊರೋರು ಮುರ್ಕೊಳ್ತಾರೆ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಬೆರಳು ಆಡಿಸಿ ಅಂದ್ರು, ಕೈ ಬಿಸಿ ಇದೆಯಾ ಮುಟ್ಟಿ ನೋಡಿದ್ರು, ಉಸಿರು ಎಳೀವಾಗ ನೋವಾಗುತ್ತಾ ಕೇಳಿದ್ರು. ಆ ಮೂಳೆ ಕೆಳಗೇ ಕೈಗೆ ಹೋಗೋ ರಕ್ತನಾಳ, ನರ ಎಲ್ಲ ಇರೋದು. ಶ್ವಾಸಕೋಶದ ತುದೀನೂ ಹತ್ರಾನೇ. ತುಂಡುಗಳು ಜಾಸ್ತಿ ದೂರ ಹೋಗಿರ್ಲಿಲ್ಲ, ಚರ್ಮಕ್ಕೆ ಚುಚ್ಚಿರ್ಲಿಲ್ಲ. "ಆಪರೇಷನ್ ಬೇಡ ಸರ್, ಪ್ಲೇಟು ಸ್ಕ್ರೂ ಏನೂ ಬೇಡ. ಇದು ತಾನಾಗೇ ಕೂಡ್ಕೊಳ್ಳುತ್ತೆ. ಆರು ವಾರ ಭಾರ ಎತ್ತಬಾರ್ದು, ಕೈ ಭುಜದ ಮೇಲೆ ಹೋಗಬಾರ್ದು" ಅಂದು, ತೋಳು ಜೋಲಿ ಹಾಕಿ ಕಳಿಸಿದ್ರು.

ಮುಂದೆ ಯಾರಿಗಾದ್ರೂ ಬೇಕಾಗಬಹುದು, ಅದಕ್ಕೆ ಹೇಳ್ತೀನಿ. ಮೊದಲ ಹತ್ತು ದಿನ ಮಲಗೋದೇ ಕಷ್ಟ. ಬೆನ್ನಿಗೆ ಮೂರು ದಿಂಬು ಕೊಟ್ಟು ಅರ್ಧ ಕೂತಂಗೆ ಮಲಗಿದ್ರೆ ನಿದ್ದೆ ಬರುತ್ತೆ. ಅಂಗಿ ಹಾಕೋವಾಗ ಪೆಟ್ಟಾದ ಕೈ ಮೊದಲು, ಬಿಚ್ಚೋವಾಗ ಅದು ಕೊನೆಗೆ. ಜೋಲಿಯಲ್ಲಿದ್ರೂ ಬೆರಳು, ಮಣಿಕಟ್ಟು, ಮೊಣಕೈ ದಿನಾ ಆಡಿಸ್ಬೇಕು, ಇಲ್ದಿದ್ರೆ ಅವೂ ಬಿಗೀತವೆ. ಬೀಡಿ ಸಿಗರೇಟು ಸೇದೋರಿಗೆ ಮೂಳೆ ಕೂಡೋದು ನಿಧಾನ. ಎರಡು ಮೂರು ವಾರಕ್ಕೆ ಮುರಿದ ಜಾಗದಲ್ಲಿ ಗಂಟು ಕೈಗೆ ಸಿಗುತ್ತೆ, ಗಾಬರಿ ಬೇಡ, ಅದು ಹೊಸ ಮೂಳೆ ಕಟ್ತಿರೋದು. ಆದ್ರೆ ಕೈ ಜೋಮು ಹಿಡಿದ್ರೆ, ತಣ್ಣಗಾದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಆಸ್ಪತ್ರೆಗೆ ಓಡಿ. ಮೇಲಿನ ಬೀದಿ ಅಜ್ಜಿ ಹದಿನೈದು ದಿನ ಮೂಳೆ ಸಾರು ತಂದುಕೊಟ್ಟಿತು. ಯಾವ ಮೂಳೆ ಅಂತ ಕೇಳ್ಬೇಡಿ, ನಮ್ಮೋರಿಗೆ ಗೊತ್ತು. ಜೊತೆಗೆ ರಾಗಿ ಮುದ್ದೆ. ನೂರು ಗ್ರಾಂ ರಾಗೀಲಿ 300 ಮಿಲಿಗ್ರಾಮಿಗೂ ಜಾಸ್ತಿ ಕ್ಯಾಲ್ಸಿಯಂ ಇರುತ್ತೆ.

ನಾನು ಗುಮಾಸ್ತ. ಮೆಡಿಕಲ್ ಸರ್ಟಿಫಿಕೇಟ್ ಇಟ್ಟು ಪರಿವರ್ತಿತ ರಜೆಗೆ ಅರ್ಜಿ ಬರೆದೆ. ಅರ್ಧ ವೇತನ ರಜೆ ಲೆಕ್ಕದಲ್ಲಿ ಒಂದಕ್ಕೆ ಎರಡು ಕಡಿತ ಆಗುತ್ತೆ, ಆದ್ರೆ ಸಂಬಳ ಪೂರ್ತಿ ಬರುತ್ತೆ. ಆರು ವಾರ ಮನೇಲಿ ಕೂತೆ. ಸಂಬಳ ತಿಂಗಳ ಮೊದಲ ದಿನವೇ ಬಂತು. ಇಷ್ಟೇ ನನ್ನ ಔಷಧಿ.

ಇದನ್ನ ನನಗೆ ಅರ್ಥ ಮಾಡ್ಸಿದ್ದು ನಮ್ಮ ಬೀದಿಯ ಒಬ್ಬ ಅಣ್ಣ. ಬಂಡಿಪಾಳ್ಯದ ಎ.ಪಿ.ಎಂ.ಸಿ.ಯಲ್ಲಿ ಹಮಾಲಿ. ನನ್ನ ನೋಡೋಕೆ ಬಂದೋರು ಜೋಲಿ ನೋಡಿ ನಕ್ಕು, ತಮ್ಮ ಅಂಗಿ ಗುಂಡಿ ಬಿಚ್ಚಿ ತೋರ್ಸಿದ್ರು. ಬಲ ಹೆಗಲ ಮೇಲೆ ಮೂಳೆ ಗೂಟದಂಗೆ ಎದ್ದು ನಿಂತಿತ್ತು. ಎರಡು ವರ್ಷದ ಹಿಂದೆ ಲಾರಿಯಿಂದ ಬಿದ್ದು ಮುರ್ಕೊಂಡಿದ್ದು, ನನ್ನದೇ ಮೂಳೆ, ನನ್ನದೇ ಜಾಗ.

"ನಿಂಗೂ ಆರ್ ವಾರ ಅಂದ್ರಾ? ನಂಗೂ ಅದೇ ಅಂದಿದ್ರು ಕಣಪ್ಪ. ಆರ್ ವಾರ ಕೂತ್ಕಂಡು ಯಾರ್ ಮನೇಲಿ ಉಣ್ಣಾನೆ?"

ಹದಿನೆಂಟನೇ ದಿನ ಅವರು ಮೂಟೆ ಹೊತ್ರು. ಎಡ ಹೆಗಲಲ್ಲೇ ಹೊತ್ರಂತೆ, ಆದ್ರೆ ಐವತ್ತು ಕೆಜಿ ಮೂಟೆ ಎತ್ತಿಕೊಳ್ಳೋಕೆ ಎರಡೂ ಕೈ ಬೇಕಲ್ಲ. ಮೂಳೆ ಸರಿಯಾಗಿ ಕೂಡ್ಲೇ ಇಲ್ಲ. ಈಗ್ಲೂ ರಾತ್ರಿ ಆ ಮಗ್ಗುಲಿಗೆ ಮಲಗೋಕಾಗಲ್ಲ. ಡಾಕ್ಟರ ಮಾತು ಇಬ್ಬರಿಗೂ ಒಂದೇ. ನಮ್ಮಿಬ್ಬರ ಮಧ್ಯೆ ಇದ್ದಿದ್ದು ಒಂದು ರಜೆ ಅರ್ಜಿ.

ಆರು ವಾರ ಅಂದ್ರೆ 42 ದಿನ. ಕಾಯಿಲೆ ಬಿದ್ದ ಕೂಲಿಕಾರನಿಗೂ ಊಟ ಬೇಕು ಅನ್ನೋದನ್ನ ಈ ದೇಶ ಕಾನೂನಲ್ಲಿ ಒಪ್ಪಿ ಎಷ್ಟೋ ಕಾಲ ಆಯ್ತು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ರು. ಕಾರ್ಮಿಕರ ಆರೋಗ್ಯ ವಿಮೆ ಬಗ್ಗೆ ಅದಾರ್ಕರ್ ವರದಿ ಬಂದಿದ್ದು ಆ ಕಾಲದಲ್ಲೇ, 1944ರಲ್ಲಿ. ಅದರ ಬೆನ್ನಿಗೆ ಬಂದಿದ್ದು 1948ರ ಇ.ಎಸ್.ಐ. ಕಾಯ್ದೆ. ಆ ಕಾಯ್ದೆ ತಂದ ವಿಮೆಯಲ್ಲಿ ಕಾಯಿಲೆಗೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುತ್ತೆ. ನಮ್ಮಣ್ಣನ 42 ದಿನ ಅದರೊಳಗೆ ಎರಡು ಸಲ ಕೂತು ಏಳುತ್ತೆ. ಆದ್ರೆ ಆ ವಿಮೆ ಕೇಳೋದು ನೋಂದಾಯಿತ ಸಂಸ್ಥೆ, ಮಾಲೀಕ, ಹಾಜರಿ ಪುಸ್ತಕ. ಮೂಟೆ ಲೆಕ್ಕದಲ್ಲಿ ಕಾಸು ಎಣಿಸಿಕೊಳ್ಳೋನಿಗೆ ಮಾಲೀಕ ಯಾರು? ಬೆಳಿಗ್ಗೆ ಒಬ್ಬ, ಮಧ್ಯಾಹ್ನ ಇನ್ನೊಬ್ಬ.

ಹಮಾಲಿಗಳಿಗೆ ನಮ್ಮ ರಾಜ್ಯದಲ್ಲಿ "ಅಂಬೇಡ್ಕರ್ ಕಾರ್ಮಿಕ ಸಹಾಯಹಸ್ತ" ಅಂತ ಯೋಜನೆ ಇದೆ. ಕಾರ್ಡ್ ಇದ್ರೆ ಅಪಘಾತವಾದಾಗ ಆಸ್ಪತ್ರೆ ಖರ್ಚಿಗೆ ನೆರವಾಗುತ್ತೆ. ಒಳ್ಳೇದೇ, ಎಲ್ಲರೂ ಮಾಡಿಸ್ಕೊಳ್ಳಿ. ಆದ್ರೆ ನಮ್ಮಣ್ಣನನ್ನ ಹದಿನೆಂಟನೇ ದಿನ ಮೂಟೆ ಕೆಳಗೆ ತಳ್ಳಿದ್ದು ಆಸ್ಪತ್ರೆ ಬಿಲ್ಲಲ್ಲ, ಅಕ್ಕಿ ಡಬ್ಬ. ಮೂಳೆ ಕೂಡೋವರೆಗಿನ ದಿನಗೂಲಿ ಯಾರು ಕೊಡ್ತಾರೆ ಅನ್ನೋ ಪ್ರಶ್ನೆ ಹಂಗೇ ಉಳಿದಿದೆ.

ನಮ್ಮ ಅಪ್ಪಂದಿರು ಗೌಡರ ಮನೆ ಮುಂದೆ ಹಾದು ಹೋಗೋವಾಗ ಹೆಗಲ ಮೇಲಿನ ಟವಲ್ ತೆಗೆದು ಕಂಕುಳಿಗೆ ಸಿಗಿಸಬೇಕಿತ್ತು. ಆ ಹೆಗಲಿಗೆ ನಾವು ನೀಲಿ ಶಾಲು ಹಾಕಿದ್ವಿ, ಹೋರಾಡಿ ಹಾಕಿದ್ವಿ. ಮೂಟೆ ಮಾತ್ರ ಇನ್ನೂ ಅಲ್ಲೇ ಇದೆ. ಮುರಿದ ಹೆಗಲು ಕೂಡೋವರೆಗೆ ಮೂಟೆ ಇಳಿಸಿಡೋ ಹಕ್ಕು, ಆ ದಿನಗಳಿಗೆ ಕೂಲಿ ಪಡೆಯೋ ಹಕ್ಕು, ಇದೂ ಸ್ವಾಭಿಮಾನದ ಪ್ರಶ್ನೆಯೇ.

ಹಂಗಾಗಿ ಎರಡು ಕೆಲಸ. ಒಂದು, ಈ ತಿಂಗಳ ಎರಡು ಭಾನುವಾರ ನಮ್ಮ ಬೀದೀಲಿ ಕೂತು ಹಮಾಲಿ, ಮನೆಗೆಲಸದೋರು, ಚಿಂದಿ ಆಯೋರ ಕಾರ್ಡಿನ ಅರ್ಜಿ ತುಂಬೋಣ. ಅರ್ಜಿ ಬರೆಯೋದು ನನ್ನ ಕಸುಬು, ಬಲಗೈ ಗಟ್ಟಿಯಾಗಿದೆ. ಎರಡು, ಗಾಯವಾದಾಗ ದಿನಗೂಲಿ ನಷ್ಟ ತುಂಬಿಕೊಡಿ ಅಂತ ಕಾರ್ಮಿಕ ಇಲಾಖೆಗೆ ಮನವಿ. ಕರಡು ಬರೆದಿದೀನಿ, ಬೇಕಾದೋರು ಮೆಸೇಜ್ ಮಾಡಿ. ಆ ಅಣ್ಣನೇ ಮೊದಲ ಸಹಿ ಹಾಕಿದಾರೆ.

ಜೈ ಭೀಮ್.